ಉಳಿತಾಯ ಬಜೆಟ್ ಅಂದರೆ ಯಾರ ಉಳಿತಾಯ?

ನಮ್ಮ ಮೈಸೂರು ಪಾಲಿಕೆಯ ಬಜೆಟ್ ಬಂದ ಮರುದಿನ ಪೇಪರ್ ತೆಗೆದರೆ ಹೆಡ್‌ಲೈನ್ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. 'ಇಷ್ಟು ಕೋಟಿ ಉಳಿತಾಯ ಬಜೆಟ್.' ಮೈಸೂರು ಅಂತಲ್ಲ, ಮಂಡ್ಯ ನಗರಸಭೆಯದ್ದಾಗಲಿ, ಬೇರೆ ಯಾವ ಊರಿನದ್ದಾಗಲಿ, ಇದೇ ರಾಗ. ಆದರೆ ವರ್ಷವಿಡೀ ಕೇಳಿಬರುವ ಮಾತು ಮಾತ್ರ 'ಫಂಡ್ ಇಲ್ಲ ಸಾರ್'. ಉಳಿತಾಯ ಇದ್ದ ಮೇಲೆ ಫಂಡ್ ಯಾಕಿಲ್ಲ? ಕೇಳಿದರೆ 'ಅದೆಲ್ಲ ನಿಮಗೆ ಅರ್ಥ ಆಗಲ್ಲ ಬಿಡಿ' ಅನ್ನುತ್ತಾರೆ. ನಾನು ಲೆಕ್ಕ ಬರೆದೇ ನಿವೃತ್ತನಾದವನು. ಹಾಗೆಲ್ಲ ಸುಮ್ನೆ ಬಿಡೋದು ಕಷ್ಟ.

ಬಜೆಟ್ ಪುಸ್ತಕ ತೆಗೆದರೆ ಮೊದಲು ಸಿಗುವುದು 'ಆರಂಭಿಕ ಶಿಲ್ಕು', ಅಂದರೆ ಏಪ್ರಿಲ್ 1ಕ್ಕೆ ಕೈಯಲ್ಲಿರುವ ದುಡ್ಡು. ಆಮೇಲೆ ಜಮಾ. ಅದರಲ್ಲಿ ಮೂರು ಗುಂಪು: ರಾಜಸ್ವ (ದಿನನಿತ್ಯದ ವ್ಯವಹಾರ), ಬಂಡವಾಳ (ಆಸ್ತಿ ಕಟ್ಟುವ ಬಾಬ್ತು), ಅಸಾಧಾರಣ. ಖರ್ಚಿನಲ್ಲೂ ಅದೇ ಮೂರು. ಎಲ್ಲ ಕೂಡಿ ಕಳೆದು ಕೊನೆಗೆ ಬರುವುದು 'ಅಂತಿಮ ಶಿಲ್ಕು'. ಇದನ್ನೇ ನಾವು ಉಳಿತಾಯ ಅಂತ ಓದುವುದು, ಟೇಬಲ್ ತಟ್ಟುವುದು.

ಈ 'ಅಸಾಧಾರಣ' ಅನ್ನುವ ಪುಟವನ್ನು ಯಾರೂ ನೋಡುವುದಿಲ್ಲ. ದಯವಿಟ್ಟು ಒಂದು ಸಲ ನೋಡಿ. ಗುತ್ತಿಗೆದಾರರು ಟೆಂಡರ್ ಹಾಕುವಾಗ ಇಟ್ಟ ಇಎಂಡಿ ಠೇವಣಿ, ಭದ್ರತಾ ಠೇವಣಿ, ಬಿಲ್ಲಿನಲ್ಲಿ ಹಿಡಿದ ಟಿಡಿಎಸ್, ಸರ್ಕಾರಕ್ಕೆ ಕಟ್ಟಬೇಕಾದ ಸೆಸ್, ಎಲ್ಲ ಅಲ್ಲಿರುತ್ತವೆ. ಪಾಲಿಕೆಯ ಖಾತೆಯಲ್ಲಿದೆ ನಿಜ, ಆದರೆ ಪಾಲಿಕೆಯ ದುಡ್ಡಲ್ಲ. ಪಕ್ಕದ ಮನೆಯವರು ಊರಿಗೆ ಹೋಗುವಾಗ ನಮ್ಮ ಬೀರುವಿನಲ್ಲಿ ಇಟ್ಟ ಒಡವೆ ಎಣಿಸಿಕೊಂಡು ನಾವು ಶ್ರೀಮಂತರು ಅಂದುಕೊಂಡ ಹಾಗೆ.

ನಿಮ್ಮ ಮನೆ ಕಂದಾಯದ ಚಲನ್ನನ್ನೇ ತೆಗೆದುಕೊಳ್ಳಿ. ಆಸ್ತಿ ತೆರಿಗೆ 1,000 ರೂಪಾಯಿ ಅಂತಿಟ್ಟುಕೊಳ್ಳಿ. ಅದರ ಮೇಲೆ ಆರೋಗ್ಯ ಸೆಸ್ 150, ಗ್ರಂಥಾಲಯ ಸೆಸ್ 60, ಭಿಕ್ಷುಕರ ಸೆಸ್ 30, ನಗರ ಸಾರಿಗೆ ಸೆಸ್ 20. ಒಟ್ಟು 260. ಇದನ್ನು ಪಾಲಿಕೆ ವಸೂಲಿ ಮಾಡಿ ಆಯಾ ಇಲಾಖೆಗೆ ದಾಟಿಸಬೇಕು. ದಾಟಿಸುವುದು ತಡವಾದಷ್ಟು ದಿನ ಅದು ಶಿಲ್ಕಿನಲ್ಲಿ ಮಿಂಚುತ್ತಿರುತ್ತದೆ. ಬಜೆಟ್ ಚೆನ್ನಾಗಿ ಕಾಣುತ್ತದೆ, ಬಡಾವಣೆಯ ಗ್ರಂಥಾಲಯಕ್ಕೆ ಹೊಸ ಪುಸ್ತಕ ಮಾತ್ರ ಬರುವುದಿಲ್ಲ.

ಇನ್ನು ಅನುದಾನ. 2021ರಿಂದ 2026ರವರೆಗಿನ ಕೇಂದ್ರದ 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ಮೈಸೂರಿನಂಥ ಊರಿಗೆ ಶೇ 60 ಭಾಗವನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಖರ್ಚು ಮಾಡಬೇಕು ಅಂತ ಕಟ್ಟು ಇತ್ತು. ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಅನುದಾನದಲ್ಲೂ ವೇತನಕ್ಕೆ ಬೇರೆ, ವಿದ್ಯುತ್‌ಗೆ ಬೇರೆ, ಮುಕ್ತನಿಧಿ ಬೇರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಅಂತ ಎತ್ತಿಡುವ ದುಡ್ಡು ಇದೆ. ಅದು ಖರ್ಚಾಗದೆ ಉಳಿದರೆ ಅದೂ ಶಿಲ್ಕಿಗೆ ಸೇರುತ್ತದೆ. ಒಬ್ಬ ಬಡ ಹುಡುಗನಿಗೆ ಲ್ಯಾಪ್‌ಟಾಪ್ ಕೊಡದೆ ಉಳಿಸಿದ್ದನ್ನು ಉಳಿತಾಯ ಅನ್ನಬೇಕಾ? ನನಗಂತೂ ಬಾಯಿ ಬರಲ್ಲ.

ಇಷ್ಟನ್ನೂ ಕಳೆದ ಮೇಲೆ, ಕಷ್ಟಕಾಲಕ್ಕೆ ಯಾರ ಅಪ್ಪಣೆಯನ್ನೂ ಕೇಳದೆ ಬಳಸಬಹುದಾದ ದುಡ್ಡು ಎಷ್ಟಿದೆ? ಮೀಸಲು ನಿಧಿ ಅಂದರೆ ಅದು. ನನ್ನ ತಕರಾರು ಇಷ್ಟೇ: ಈ ಒಂದು ಅಂಕಿಯನ್ನು ಬಜೆಟ್ ಭಾಷಣದಲ್ಲಿ ಹೇಳಬೇಕು.

ಕೊರತೆ ಬಂದಾಗ ನಮ್ಮ ಊರುಗಳು ಏನು ಮಾಡುತ್ತವೆ ಗೊತ್ತಾ? ತೆರಿಗೆ ಏರಿಸಿದರೆ ಜನ ಬೈತಾರೆ. ಖರ್ಚು ಕಡಿಮೆ ಮಾಡಿದರೆ ಕಾರ್ಪೊರೇಟರ್‌ಗಳು ಬೈತಾರೆ. ಹಾಗಾಗಿ ಮೂರನೇ ದಾರಿ: ಬಿಲ್ ತಡೆಹಿಡಿಯುವುದು. ನನಗೆ ಪರಿಚಯದ ಒಬ್ಬ ಗುತ್ತಿಗೆದಾರರಿದ್ದಾರೆ. ಯಾವ ಊರು, ಯಾವ ಸಂಸ್ಥೆ ಅಂತ ಹೇಳಲ್ಲ. ಚರಂಡಿ, ಕಲ್ವರ್ಟ್ ಕೆಲಸ ಮಾಡುವವರು. ಒಮ್ಮೆ ಕಾಫಿ ಕುಡಿಯುತ್ತಾ ಹೇಳಿದರು: 'ಸಾರ್, ಬಿಲ್ ಯಾವಾಗ ಆಗುತ್ತೋ ಗೊತ್ತಿಲ್ಲ. ಅದಕ್ಕೆ ಬಡ್ಡಿ ಸೇರಿಸಿಯೇ ಟೆಂಡರ್‌ಗೆ ರೇಟ್ ಹಾಕ್ತೀವಿ. ಇಲ್ಲಾಂದ್ರೆ ನಾವು ಮನೆ ಮಾರಬೇಕಾಗುತ್ತೆ.' ಮುಚ್ಚುಮರೆ ಇಲ್ಲದೆ ಹೇಳಿದರು. ಅಂದರೆ ನಗರ ಸಾಲ ಮಾಡುತ್ತಲೇ ಇದೆ. ಬ್ಯಾಂಕಿನಿಂದಲ್ಲ, ಗುತ್ತಿಗೆದಾರನಿಂದ, ಜಾಸ್ತಿ ಬಡ್ಡಿಗೆ, ಪತ್ರ ಬರೆಯದೆ. ಬಡ್ಡಿ ಕಟ್ಟುವವರು ನಾವು, ತೆಳ್ಳಗಿನ ಡಾಂಬರಿನ ರೂಪದಲ್ಲಿ.

ಇಂಗ್ಲೆಂಡಿನಲ್ಲಿ ಇದಕ್ಕೊಂದು ಎಚ್ಚರಿಕೆಯ ಗಂಟೆ ಇದೆ. ಅಲ್ಲಿನ ಕೌನ್ಸಿಲ್‌ಗಳು ಆದಾಯ, ಖರ್ಚು ಸರಿದೂಗಿಸಲೇಬೇಕು ಅಂತ ಕಾನೂನು. ಆಗದಿದ್ದರೆ ಮುಖ್ಯ ಹಣಕಾಸು ಅಧಿಕಾರಿ 'ದುಡ್ಡು ಸಾಲದು' ಅಂತ ಸೆಕ್ಷನ್ 114 ನೋಟಿಸ್ ಕೊಡಬೇಕು. 2023ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಂ ನಗರಕ್ಕೆ ಈ ಗತಿ ಬಂತು. ಹೆಣ್ಣು ನೌಕರರಿಗೆ ಸಮಾನ ವೇತನ ಕೊಡದೆ ಉಳಿಸಿಕೊಂಡ ಬಾಕಿ ಒಂದು ಕಡೆ, ಕೈಮೀರಿದ ಸಾಫ್ಟ್‌ವೇರ್ ಖರ್ಚು ಇನ್ನೊಂದು ಕಡೆ. ಅಗತ್ಯ ಸೇವೆ ಬಿಟ್ಟು ಹೊಸ ಖರ್ಚೆಲ್ಲ ಬಂದ್. ಮರುವರ್ಷ ಅಲ್ಲಿನವರ ಮನೆ ತೆರಿಗೆ ಸುಮಾರು ಶೇ 10 ಏರಿತು. ಅವಮಾನ ಆಯ್ತು ನಿಜ, ಆದರೆ ಊರಿಗೆಲ್ಲ ಗೊತ್ತಾಯ್ತು. ನಮ್ಮಲ್ಲಿ ಅಂಥ ಗಂಟೆ ಹೊಡೆಯುವುದೇ ಇಲ್ಲ. ಬೀದಿ ದೀಪ ಒಂದೊಂದಾಗಿ ಆರುತ್ತವೆ ಅಷ್ಟೇ.

ಹಾಗಾದರೆ ಎಷ್ಟು ಎತ್ತಿಡಬೇಕು? ಅಮೆರಿಕದ ಸರ್ಕಾರಿ ಹಣಕಾಸು ಅಧಿಕಾರಿಗಳ ಸಂಘ ಅಲ್ಲಿನ ಊರುಗಳಿಗೆ ಹೇಳುವುದು ಕಡೇಪಕ್ಷ ಎರಡು ತಿಂಗಳ ಮಾಮೂಲಿ ಖರ್ಚಿನಷ್ಟು. ನಮಗೂ ಅದು ಒಗ್ಗುವ ಅಳತೆಯೇ. ಯಾಕೆಂದರೆ ನಮ್ಮ ಆದಾಯ ವರ್ಷವಿಡೀ ಒಂದೇ ಸಮನೆ ಬರುವುದಿಲ್ಲ. ಶೇ 5 ರಿಯಾಯಿತಿ ಸಿಗುತ್ತೆ ಅಂತ ಏಪ್ರಿಲ್‌ನಲ್ಲಿ ವಲಯ ಕಚೇರಿ ಮುಂದೆ ಕ್ಯೂ ನಿಲ್ಲುತ್ತೇವೆ, ಆಮೇಲೆ ಮೆಲ್ಲಗೆ ಬತ್ತುತ್ತದೆ. ಖರ್ಚು ಹಾಗಲ್ಲ. ಹೊಂಗಳ್ಳಿ, ಬೆಳಗೊಳ, ಮೇಳಾಪುರದಿಂದ ಕಾವೇರಿ ನೀರು ಎತ್ತುವ ಪಂಪುಗಳಿಗೆ ರಜೆ ಇಲ್ಲ, ಚೆಸ್ಕ್‌ನ ಕರೆಂಟ್ ಬಿಲ್ಲಿಗೂ ಇಲ್ಲ. ಪೌರಕಾರ್ಮಿಕರ ಸಂಬಳ, ಕಸದ ಗಾಡಿಯ ಡೀಸೆಲ್ ಪ್ರತಿ ತಿಂಗಳೂ ಬೇಕು. ಸಂಬಳ, ವಿದ್ಯುತ್, ಡೀಸೆಲ್ ಈ ಮೂರಕ್ಕಾದರೂ ಎರಡು ತಿಂಗಳ ದುಡ್ಡು ಬೇರೆ ಖಾತೆಯಲ್ಲಿರಲಿ. ಪಂಪ್ ಸುಟ್ಟಾಗ, ಮಳೆಗೆ ರಾಜಕಾಲುವೆ ಒಡೆದಾಗ, ಅನುದಾನದ ಕಂತು ತಡವಾದಾಗ ಮುಟ್ಟಲಿ. ದಸರೆಗೆ ಮುಂಚೆ ರಸ್ತೆಗೆ ತೇಪೆ ಹಾಕುವುದಕ್ಕೆ ಬೇಡ. ದಸರೆ ಯಾವ ತಿಂಗಳು ಬರುತ್ತೆ ಅಂತ ಪಂಚಾಂಗ ನೋಡಿದರೆ ಗೊತ್ತಾಗುತ್ತೆ, ಅದು ತುರ್ತು ಅಲ್ಲ. ಮುಟ್ಟಿದ ದುಡ್ಡನ್ನು ಎಷ್ಟು ವರ್ಷದಲ್ಲಿ ತುಂಬಿಸುತ್ತೇವೆ ಅನ್ನುವುದನ್ನೂ ಮುಟ್ಟುವಾಗ ಮಾಡುವ ನಿರ್ಣಯದಲ್ಲೇ ಬರೆಯಬೇಕು.

ದುಡ್ಡು ಎಲ್ಲಿಂದ ಅಂತ ಕೇಳಬಹುದು. 2025ರಲ್ಲಿ ಬೆಂಗಳೂರಿನಾಚೆಯ ಊರುಗಳಲ್ಲೂ ಅನಧಿಕೃತ ಆಸ್ತಿಗಳಿಗೆ ಬಿ ಖಾತಾ ಕೊಡಲು ಶುರು ಮಾಡಿದರಲ್ಲ, ಅದರಲ್ಲಿ ಮೊದಲ ವರ್ಷ ದುಪ್ಪಟ್ಟು ತೆರಿಗೆ. ಒಂದೇ ಸಲ ಬರುವ ದುಡ್ಡು ಅದು. ಅದನ್ನು ನಂಬಿ ಪ್ರತಿ ವರ್ಷದ ಖರ್ಚು ಶುರು ಮಾಡಿದರೆ ಮೂರನೇ ವರ್ಷ ತಲೆ ಮೇಲೆ ಕೈ. ಇಂಥ ಹಣದ ಒಂದು ಪಾಲು ನೇರ ಮೀಸಲಿಗೆ ಹೋಗಲಿ. ಇನ್ನು ನಮ್ಮೂರಲ್ಲಿ ಕೇಂದ್ರ ಸರ್ಕಾರದ ಕಟ್ಟಡಗಳಿಗೆ ಕೊರತೆ ಇಲ್ಲ. ಸಂವಿಧಾನದ 285ನೇ ವಿಧಿಯ ಪ್ರಕಾರ ಅವಕ್ಕೆ ಆಸ್ತಿ ತೆರಿಗೆ ಇಲ್ಲ, ಸೇವಾ ಶುಲ್ಕ ಮಾತ್ರ. ಅದನ್ನಾದರೂ ಬಿಡದೆ ವಸೂಲಿ ಮಾಡಬೇಕು.

ಕಾಗದದಲ್ಲಿ ಕಾಣದ ಇನ್ನೊಂದು ಕೊರತೆ ಇದೆ: ರಿಪೇರಿಯ ಕೊರತೆ. 2012ರ ಆಗಸ್ಟ್‌ನಲ್ಲಿ ನಮ್ಮೂರ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ನಾಲ್ಕು ವರ್ಷ ಬಿಟ್ಟು ಅದೇ ಆಗಸ್ಟ್‌ನಲ್ಲಿ ದೇವರಾಜ ಮಾರ್ಕೆಟ್‌ನ ಒಂದು ಭಾಗ ಬಿತ್ತು. ಹಳೇ ಕಟ್ಟಡಕ್ಕೆ ವರ್ಷ ವರ್ಷ ಇಷ್ಟು ಅಂತ ಎತ್ತಿಡದಿದ್ದರೆ ಆ ವರ್ಷದ ಬಜೆಟ್‌ನಲ್ಲಿ ಅದು ಉಳಿತಾಯವಾಗಿಯೇ ಕಾಣುತ್ತದೆ. ಇದಕ್ಕಿಂತ ಜಾಸ್ತಿ ಹೇಳಲ್ಲ.

2023ರ ನವೆಂಬರ್‌ನಲ್ಲಿ ನಮ್ಮ 65 ವಾರ್ಡುಗಳ ಸದಸ್ಯರ ಅವಧಿ ಮುಗಿಯಿತು, ಅಧಿಕಾರ ಆಡಳಿತಾಧಿಕಾರಿಗೆ ಹೋಯಿತು. ಮೊದಲು ಹಣಕಾಸು ಸ್ಥಾಯಿ ಸಮಿತಿ ಅಧ್ಯಕ್ಷರು ಬಜೆಟ್ ಓದುತ್ತಿದ್ದರು, ಗಲಾಟೆಯಾದರೂ ಆಗುತ್ತಿತ್ತು. ಆ ಗಲಾಟೆ ಬೇಕು ಸ್ವಾಮಿ. ಯಾವ ಖರ್ಚು ಕಡಿಮೆ ಮಾಡಬೇಕು, ಯಾರಿಗೆ ತೆರಿಗೆ ಏರಿಸಬೇಕು ಅನ್ನುವುದನ್ನು ಮತ್ತೆ ನಮ್ಮ ಮುಂದೆ ಓಟು ಕೇಳಲು ಬರಬೇಕಾದವರು ತೀರ್ಮಾನಿಸಬೇಕು. ಸುತ್ತಲಿನ ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರ ಎಲ್ಲ ಸೇರಿಸಿ ಬೃಹತ್ ಮೈಸೂರು ಮಾಡುವ ಮಾತು ಬೇರೆ ಬಂದಿದೆ. ಹೊಸ ಬಡಾವಣೆ ಸೇರಿದ ದಿನವೇ ನೀರು, ಒಳಚರಂಡಿ, ಕಸ ಎಲ್ಲ ತಲೆ ಮೇಲೆ ಬರುತ್ತೆ. ಕಂದಾಯ ನಿಧಾನಕ್ಕೆ ಬರುತ್ತೆ.

ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆದರೆ ನಾನು ರಸ್ತೆ, ದೀಪ ಕೇಳಲ್ಲ. ಎರಡು ಕಾಗದ ಕೇಳುತ್ತೇನೆ. ಒಂದು, ಆರಂಭಿಕ ಶಿಲ್ಕಿನಲ್ಲಿ ಯಾರ ಯಾರ ದುಡ್ಡು ಎಷ್ಟಿದೆ ಅನ್ನುವ ಪಟ್ಟಿ. ಇನ್ನೊಂದು, ಕೆಲಸ ಮುಗಿದೂ ಪಾವತಿಯಾಗದ ಬಿಲ್ಲುಗಳ ಪಟ್ಟಿ, ತಾರೀಖಿನ ಸಮೇತ.