ಹೆಂಡತಿಯ ಪದ್ಯದಿಂದ ಕಟ್ಟಿದ ಬ್ಯಾಂಡ್

ಟೆಡ್ ಹೀತ್ ಅಂದ ಕೂಡಲೇ ಬ್ರಿಟನ್ನಿನ ಮಾಜಿ ಪ್ರಧಾನಿ ನೆನಪಾದರೆ ತಪ್ಪು ನಿಮ್ಮದಲ್ಲ. ಆತನಿಗೂ ಸಂಗೀತದ ಹುಚ್ಚಿತ್ತು, ಆರ್ಗನ್ ನುಡಿಸುತ್ತಿದ್ದ. ನಾನು ಹೇಳುತ್ತಿರುವುದು ಟ್ರಾಂಬೋನ್ ಎಂಬ ಹಿತ್ತಾಳೆಯ ಊದುವಾದ್ಯ ಹಿಡಿದ, ಜಾಝ್ ಬ್ಯಾಂಡ್ ಕಟ್ಟಿದ ಹೀತ್ ಬಗ್ಗೆ.

ಹುಟ್ಟಿದ್ದು 1902ರಲ್ಲಿ, ಲಂಡನ್ನಿನ ವಾಂಡ್ಸ್‌ವರ್ತ್‌ನಲ್ಲಿ. ಅಪ್ಪ ಅಲ್ಲಿನ ಬ್ರಾಸ್ ಬ್ಯಾಂಡಿನ ಮುಖಂಡ. ಮೊದಲ ಮಹಾಯುದ್ಧ ಮುಗಿದ ಮೇಲೆ ಹುಡುಗ ಬೀದಿಯಲ್ಲಿ ನಿಂತು ನುಡಿಸಿ ಚಿಲ್ಲರೆ ಕೂಡಿಸಿದ್ದೂ ಉಂಟು. ಆಮೇಲೆ ಜ್ಯಾಕ್ ಹಿಲ್ಟನ್, ಆಂಬ್ರೋಸ್, ಸಿಡ್ನಿ ಲಿಪ್ಟನ್, ಜೆರಾಲ್ಡೋ ಅಂತ ಹೆಚ್ಚುಕಮ್ಮಿ ಇಪ್ಪತ್ತು ವರ್ಷ ಕಂಡವರ ಬ್ಯಾಂಡಿನಲ್ಲೇ ದುಡಿಮೆ.

ಸ್ವಂತ ಬ್ಯಾಂಡಿಗೆ ದುಡ್ಡು ಬಂದದ್ದು ಹೆಂಡತಿ ಮೊಯ್ರಾ ಬರೆದ ಪದ್ಯದಿಂದ. ಅದಕ್ಕೆ ರಾಗ ಹಾಕಿದ್ದೇ 'ದಟ್ ಲವ್ಲಿ ವೀಕೆಂಡ್' ಹಾಡು. ರಜೆ ಮುಗಿಸಿ ಸೈನಿಕರು ಹೊರಟುಹೋಗುತ್ತಿದ್ದ ಯುದ್ಧದ ದಿನಗಳಲ್ಲಿ ಅದು ಮನೆಮನೆಗೆ ತಾಗಿತು. ಆ ರಾಯಲ್ಟಿ ಹಿಡಿದು ನಲವತ್ತು ದಾಟಿದ ಮನುಷ್ಯ ಬ್ಯಾಂಡ್ ಕಟ್ಟಿದ. ಹೀತ್ ಮೇಲೆ ಅಮೆರಿಕದ ಬ್ಯಾಂಡ್ ಲೀಡರ್ ಗ್ಲೆನ್ ಮಿಲ್ಲರ್ ಬೀರಿದ ಪ್ರಭಾವದ ಬಗ್ಗೆ ಪುಟಗಟ್ಟಲೆ ಬರೆಯುವವರು ಮೊಯ್ರಾಳನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಹೀತ್ ಬ್ಯಾಂಡಿನ ಮೇಲಿರುವ ಹಳೇ ದೂರು: ತೀರಾ ಅಚ್ಚುಕಟ್ಟು, ಬಿಸಿ ಕಮ್ಮಿ. ಅರ್ಧ ಒಪ್ಪುತ್ತೇನೆ. ಆದರೆ ಕುಣಿಯಲು ಬರುತ್ತಿದ್ದ ಜನರನ್ನು 1945ರಿಂದ ಹತ್ತು ವರ್ಷ ಭಾನುವಾರದ ಸಂಜೆಗಳಲ್ಲಿ ಲಂಡನ್ ಪಲ್ಲೇಡಿಯಂ ರಂಗಮಂದಿರದಲ್ಲಿ ಕೂರಿಸಿ ಕೇಳಿಸಿದ್ದು ಆ ಅಚ್ಚುಕಟ್ಟೇ ತಾನೆ? ತನ್ನ ಟ್ರಾಂಬೋನನ್ನು ಬದಿಗಿಟ್ಟು ಡಾನ್ ಲಷರ್‌ನಂಥ ಟ್ರಾಂಬೋನ್ ವಾದಕರಿಗೆ ಜಾಗ ಬಿಟ್ಟ. ಎಷ್ಟು ಲೀಡರುಗಳಿಗೆ ಆ ಮನಸ್ಸು ಬರುತ್ತದೆ?

ಸಂಗೀತಗಾರರ ಯೂನಿಯನ್ನುಗಳ ಜಗಳದಿಂದ ಅಮೆರಿಕನ್ ಬ್ಯಾಂಡುಗಳು ಬ್ರಿಟನ್ನಿಗೆ, ಬ್ರಿಟನ್ನಿನವು ಅಮೆರಿಕಕ್ಕೆ ಹೋಗುವುದು ಇಪ್ಪತ್ತು ವರ್ಷ ನಿಂತೇಹೋಗಿತ್ತು. 1956ರಲ್ಲಿ ಅಮೆರಿಕದ ಬ್ಯಾಂಡ್ ಲೀಡರ್ ಸ್ಟ್ಯಾನ್ ಕೆಂಟನ್ ಬ್ರಿಟನ್ನಿಗೆ ಬಂದ, ಬದಲಿಗೆ ಹೀತ್ ಅಮೆರಿಕಕ್ಕೆ ಹೋದ. ಜೊತೆಗೆ ಹಾಡಲು ಅಮೆರಿಕದ ಕಪ್ಪು ಗಾಯಕ ನ್ಯಾಟ್ ಕಿಂಗ್ ಕೋಲ್. ಏಪ್ರಿಲ್ 10ರ ರಾತ್ರಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ, ಬಿಳಿಯರೇ ತುಂಬಿದ್ದ ಸಭೆಯೆದುರು ಕೋಲ್ ಹಾಡುತ್ತಿದ್ದಾಗ ಕೆಲವು ಬಿಳಿಯರು ವೇದಿಕೆಗೆ ನುಗ್ಗಿ ಅವನನ್ನು ಕೆಡವಿದರು. ಹಿಂದೆ ಕೂತಿದ್ದವರು ಲಂಡನ್ನಿನಿಂದ ಬಂದ ವಾದಕರು. ಮೂರು ವಾರದ ನಂತರ ಇದೇ ಬ್ಯಾಂಡು ನ್ಯೂಯಾರ್ಕಿನ ಹೆಸರಾಂತ ಸಂಗೀತ ಸಭಾಂಗಣ ಕಾರ್ನೆಗಿ ಹಾಲಿನಲ್ಲಿ ಮೆರೆಯಿತು. ಅಭಿಮಾನಿಗಳು ಕಾರ್ನೆಗಿಯ ಕಥೆಯನ್ನೇ ಹೇಳುತ್ತಾರೆ. ನಾನಾದರೆ ಬರ್ಮಿಂಗ್‌ಹ್ಯಾಮ್‌ನಿಂದ ಶುರುಮಾಡುತ್ತೇನೆ.

1969ರಲ್ಲಿ ಹೀತ್ ತೀರಿಕೊಂಡ. ಅವನ ಹೆಸರಿನ ಬ್ಯಾಂಡು 2000ದವರೆಗೆ ನಡೆಯಿತು; ಕೊನೆಯ ವರ್ಷಗಳಲ್ಲಿ ಅದನ್ನು ನಡೆಸಿದ್ದು ಅದೇ ಡಾನ್ ಲಷರ್.