ಕೇಳಿದರೆ ಆ ಯೋಚನೆ ಬರುತ್ತದೆಯೇ?

ಹದಿಹರೆಯದ ಮಕ್ಕಳ ಹತ್ತಿರ ಆತ್ಮಹತ್ಯೆಯ ಮಾತೆತ್ತಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎನ್ನುವ ಮೆಸೇಜ್ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಕಳಿಸುವವರಿಗೆ ಇರುವುದು ಕಾಳಜಿಯೇ. ಆದರೆ ವಿಷಯ ತಪ್ಪು.

ಇದನ್ನು ಪರೀಕ್ಷಿಸಿ ನೋಡಿದ್ದಾರೆ. ನ್ಯೂಯಾರ್ಕ್ ರಾಜ್ಯದ 6 ಹೈಸ್ಕೂಲುಗಳ 2,342 ಮಕ್ಕಳಲ್ಲಿ ಒಂದು ಗುಂಪಿಗೆ ಆತ್ಮಹತ್ಯೆಯ ಬಗ್ಗೆ ಪ್ರಶ್ನೆ ಕೇಳಿದರು, ಇನ್ನೊಂದಕ್ಕೆ ಕೇಳಲಿಲ್ಲ. ಎರಡು ದಿನದ ನಂತರ ನೋಡಿದರೆ, ಮೊದಲ ಗುಂಪಿನಲ್ಲಿ ಆ ಯೋಚನೆ ಜಾಸ್ತಿಯೇನೂ ಆಗಿರಲಿಲ್ಲ. ಆ ಗುಂಪಿನಲ್ಲಿ ಮೊದಲೇ ಖಿನ್ನತೆಯಲ್ಲಿದ್ದವರ ಸಂಕಟ, ಇನ್ನೊಂದು ಗುಂಪಿನ ಅಂಥವರಿಗಿಂತ ಕಡಿಮೆಯೇ ಇತ್ತು. 2005ರಲ್ಲಿ ಪ್ರಕಟವಾದ ಫಲಿತಾಂಶ ಇದು.

ಇಂಥ ಮೆಸೇಜ್ ಬಂದಾಗ ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂದು ಹುಡುಕಿ. ಬರೀ ‘ಡಾಕ್ಟರ್ ಹೇಳಿದ್ದಾರೆ’ ಎಂದಿದ್ದರೆ ಸಾಲದು, ಅಲ್ವಾ? ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನೇ ಕೇಳಬಹುದು. ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಗೆಳೆಯನೊಬ್ಬ ಮಂಕಾಗಿದ್ದರೆ ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ಮೆಲ್ಲಗೆ, ನೇರವಾಗಿ ಕೇಳಿ. ಉಪದೇಶ ಬೇಡ, ಸುಮ್ನೆ ಕೇಳಿಸಿಕೊಳ್ಳಿ. ‘ಯಾರಿಗೂ ಹೇಳಲ್ಲ’ ಎಂದು ಮಾತ್ರ ಮಾತು ಕೊಡಬೇಡಿ. ಹೌದು ಎಂದರೆ ಅವನನ್ನು ಒಂಟಿಯಾಗಿ ಬಿಡದೆ, ನಂಬುವ ದೊಡ್ಡವರೊಬ್ಬರಿಗೆ ಅವತ್ತೇ ತಿಳಿಸಿ.