ಸಬ್ಸಿಡಿ ಇಲ್ಲದ ನಾಡಿನಿಂದ ನಾಲ್ಕು ಮಾತು

ಕಳೆದ ಬೇಸಿಗೆಯಲ್ಲಿ ಇಲ್ಲಿ ನ್ಯೂಜಿಲೆಂಡಿನ ವೈಕಾಟೊ ಕಡೆಯ ಒಂದು ಕೃಷಿ ಮೇಳಕ್ಕೆ ಹೋಗಿದ್ದೆವು. ಕುರಿಯ ಉಣ್ಣೆ ತೆಗೆಯುವ ಸ್ಪರ್ಧೆ ನಡೆಯುತ್ತಿತ್ತು. ಪಕ್ಕದಲ್ಲಿ ಎಪ್ಪತ್ತು ದಾಟಿದ ರೈತರೊಬ್ಬರು ನಿಂತಿದ್ದರು. ಮಾತಿಗೆ ಮಾತು ಸೇರಿತು. ಮಳೆ ಹೇಗೆ, ಬೆಲೆ ಹೇಗೆ ಅಂತೆಲ್ಲ ಆದಮೇಲೆ ನಾನು ಊರಿನ ಅಭ್ಯಾಸದಂತೆ ಕೇಳಿದೆ, "ಸರ್ಕಾರದಿಂದ ನಿಮಗೆ ಏನೇನು ಸಿಗುತ್ತೆ?"

"ತೆರಿಗೆ ಕಟ್ಟಿ ಅಂತ ಪತ್ರ ಸಿಗುತ್ತೆ" ಅಂದರು. ನಗಲೂ ಇಲ್ಲ.

ಸಬ್ಸಿಡಿ ಮತ್ತೆ ಕೊಡ್ತೀವಿ ಅಂದರೆ ತಗೊಳ್ತೀರಾ ಅಂತ ಕೇಳಿದೆ. ಬೇಡವೇ ಬೇಡ, ಕೊಟ್ಟವರು ನಾಳೆ ಏನು ಸಾಕಬೇಕು ಅಂತಲೂ ರಾಜಧಾನಿ ವೆಲ್ಲಿಂಗ್ಟನ್‌ನಲ್ಲಿ ಕೂತು ಹೇಳ್ತಾರೆ ಅಂದರು.

ಅದೇ ರಾತ್ರಿ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಪ್ಪನ ಸಂದೇಶ. ವಿದೇಶಿ ಅಡಿಕೆ ಬರೋದನ್ನ ಪೂರ್ತಿ ನಿಲ್ಲಿಸಬೇಕು ಅಂತ ಮನವಿ, ಎಲ್ಲರೂ ಮುಂದೆ ಕಳಿಸಬೇಕಂತೆ. ಕೇಂದ್ರ ಸರ್ಕಾರ 2023ರಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದೆ. ಅದು ಸಾಲದು ಅನ್ನೋದು ಅವರ ವಾದ. ಕೊನೆಗೆ ನನಗೇ ಒಂದು ಪ್ರಶ್ನೆ: "ನಿಮ್ಮ ಕಡೆ ರೈತರನ್ನ ಸರ್ಕಾರ ಭಾರಿ ಚೆನ್ನಾಗಿ ನೋಡ್ಕೊಳ್ಳುತ್ತಂತಲ್ಲ, ಹೌದೇನೋ?"

"ನೋಡ್ಕೊಳ್ಳೋದೇ ಇಲ್ಲ ಚಿಕ್ಕಪ್ಪ" ಅಂತ ಬರೆದೆ. ಎರಡು ಕೈ ಮುಗಿದ ಚಿತ್ರ ಬಂತು. ಮಾತು ಅಲ್ಲಿಗೆ ಮುಗಿಯಿತು, ನನ್ನ ತಲೆಯಲ್ಲಿ ಮಾತ್ರ ಮುಗಿಯಲಿಲ್ಲ.

ಲಿಬರ್ಟೇರಿಯನ್ ಅಂತ ಕರೆದುಕೊಳ್ಳುವವರ ವಾದ ಎಲ್ಲರಿಗೂ ಗೊತ್ತು. ಸರ್ಕಾರ ಪೊಲೀಸು, ಕೋರ್ಟು, ಗಡಿ ನೋಡಿಕೊಳ್ಳಲಿ, ಉಳಿದಿದ್ದನ್ನು ಕೊಳ್ಳುವವರಿಗೂ ಮಾರುವವರಿಗೂ ಬಿಡಲಿ ಅಂತಾರೆ. ಪುಸ್ತಕದಲ್ಲಿ ಇರುವ ಹಾಗೆ ಅದನ್ನು ಯಾವ ದೇಶವೂ ಮಾಡಿಲ್ಲ. ಆದರೆ ಮುಂದುವರಿದ ದೇಶಗಳಲ್ಲಿ ಆ ದಾರಿಯಲ್ಲಿ ಇಷ್ಟು ಬೇಗ ಇಷ್ಟು ದೂರ ನಡೆದದ್ದು ಈ ನ್ಯೂಜಿಲೆಂಡ್ ಇರಬೇಕು. ಹಾಗಾಗಿ ನಡೆಯುತ್ತಾ, ನಡೆಯಲ್ವಾ ಅನ್ನುವ ಪ್ರಶ್ನೆಗೆ ಇಲ್ಲಿ ಕೂತು ಉತ್ತರ ಹುಡುಕೋದು ಸುಲಭ.

1984ಕ್ಕೆ ಮೊದಲಿನ ನ್ಯೂಜಿಲೆಂಡ್ ಕಥೆ ಕೇಳಿದರೆ ನಮ್ಮ ಲೈಸೆನ್ಸ್ ರಾಜ್ ನೆನಪಾಗುತ್ತೆ. ಆಮದಿಗೆ ಪರವಾನಗಿ ಬೇಕು. ಕುರಿ ಮಾಂಸಕ್ಕೂ ಉಣ್ಣೆಗೂ ಕನಿಷ್ಠ ಬೆಲೆಯ ಭರವಸೆ. ಗೊಬ್ಬರಕ್ಕೆ ಸಹಾಯಧನ. 1982ರಿಂದ ಸಂಬಳಕ್ಕೂ ಬೆಲೆಗೂ ಒಟ್ಟಿಗೇ ತಡೆ. ಕುರಿ ಸಾಕುವವರ ಆದಾಯದ ಮೂರನೇ ಒಂದಕ್ಕಿಂತ ಜಾಸ್ತಿ ಪಾಲು ಸರ್ಕಾರದಿಂದ ಬರುತ್ತಿತ್ತು. ತಲೆ ಎಣಿಸಿದಷ್ಟೂ ಲಾಭ ಅಂತಾದಾಗ ಯಾರು ಸುಮ್ನೆ ಇರ್ತಾರೆ? ಕುರಿಗಳ ಸಂಖ್ಯೆ 1982ರಲ್ಲಿ 7 ಕೋಟಿಗೆ ಮುಟ್ಟಿತು. ಅಷ್ಟು ಮಾಂಸ ಕೊಳ್ಳುವವರಿಲ್ಲದೆ ಒಂದಿಷ್ಟನ್ನು ಗೊಬ್ಬರ ಮಾಡಿ ಮುಗಿಸಿದ್ದೂ ಉಂಟು. ಇಷ್ಟೆಲ್ಲ ಹಿಡಿತ ಇಟ್ಟುಕೊಂಡಿದ್ದು ಬಲಪಂಥೀಯರು ಅನ್ನಿಸಿಕೊಂಡ ಪ್ರಧಾನಿ ಮಲ್ಡೂನ್ ಅವರ ಸರ್ಕಾರ. ಅದನ್ನು ಕಿತ್ತುಹಾಕಿದ್ದು ಕಾರ್ಮಿಕರ ಪಕ್ಷವಾದ ಲೇಬರ್. ರಾಜಕೀಯದಲ್ಲಿ ಹೆಸರು ನೋಡಿ ಏನನ್ನೂ ನಂಬಬಾರದು.

1984ರ ಜುಲೈನಲ್ಲಿ ಡೇವಿಡ್ ಲ್ಯಾಂಗಿ ಪ್ರಧಾನಿಯಾದರು, ರೋಜರ್ ಡಗ್ಲಸ್ ಹಣಕಾಸು ಮಂತ್ರಿ. ಬೊಕ್ಕಸದಲ್ಲಿ ದುಡ್ಡಿರಲಿಲ್ಲ. ನ್ಯೂಜಿಲೆಂಡ್ ಡಾಲರ್ ಬೆಲೆಯನ್ನು ಶೇಕಡಾ 20 ಇಳಿಸಿದರು, ಮುಂದಿನ ಮಾರ್ಚ್‌ನಲ್ಲಿ ಮಾರುಕಟ್ಟೆಗೇ ಬಿಟ್ಟರು. ಆದಾಯ ತೆರಿಗೆಯ ಅತಿ ಹೆಚ್ಚಿನ ದರ ಶೇಕಡಾ 66ರಿಂದ ಕೆಲವೇ ವರ್ಷದಲ್ಲಿ 33ಕ್ಕೆ ಬಂತು. 1986ರಲ್ಲಿ ಹೆಚ್ಚುಕಡಿಮೆ ಎಲ್ಲ ವಸ್ತುವಿನ ಮೇಲೂ ಶೇಕಡಾ 10ರ ಜಿಎಸ್‌ಟಿ ಬಂತು. ರೈತರ ಸಬ್ಸಿಡಿ ಒಂದೊಂದಾಗಿ ಹೋಯಿತು.

ಮೊದಲ ವರ್ಷಗಳು ಘೋರವಾಗಿದ್ದವು. ಜಮೀನಿನ ಬೆಲೆ ಕುಸಿಯಿತು, ಸಾಲದ ಬಡ್ಡಿ ಶೇಕಡಾ 20ರ ಸುತ್ತ ಹೋಯಿತು. 1986ರಲ್ಲಿ ಸಾವಿರಾರು ರೈತರು ಸಂಸತ್ತಿಗೆ ಮೆರವಣಿಗೆ ಹೋದರು. ಹತ್ತರಲ್ಲಿ ಒಬ್ಬ ರೈತ ಜಮೀನು ಬಿಡಬೇಕಾಗುತ್ತೆ ಅಂತ ಸರ್ಕಾರವೇ ಅಂದಾಜು ಮಾಡಿತ್ತು. ಬಲವಂತವಾಗಿ ಮಾರಿ ಹೋದವರು ನೂರಕ್ಕೆ ಒಬ್ಬರು, ಸುಮಾರು 800 ಕುಟುಂಬ. ಉಳಿದವರು ಕುರಿ ಎಣಿಸೋದು ಬಿಟ್ಟು ತೂಕ ನೋಡಲು ಶುರು ಮಾಡಿದರು. ಮೊದಲು ಒಂದು ಮರಿಯ ಮಾಂಸ 14 ಕಿಲೋ ಆಸುಪಾಸು ತೂಗುತ್ತಿತ್ತು, ಈಗ 18-19 ಕಿಲೋ. ಕುರಿಗಳು 2.5 ಕೋಟಿಗೂ ಕೆಳಗಿಳಿದಿವೆ, ಆದರೆ ಮಾಂಸ ಅಷ್ಟು ಇಳಿದಿಲ್ಲ. ಕೆಲವರು ಹೈನುಗಾರಿಕೆಗೆ ಹೋದರು, ಕೆಲವರು ಜಿಂಕೆ ಸಾಕಿದರು, ಕೆಲವರು ದ್ರಾಕ್ಷಿ ಹಾಕಿದರು. ಹೀಗೆ ಮಾಡಿ ಅಂತ ಯಾವ ಇಲಾಖೆಯೂ ಹೇಳಲಿಲ್ಲ.

ನನಗೆ ಹೊಟ್ಟೆ ಉರಿಯೋದು ಇಲ್ಲೇ. ನಮ್ಮಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಪುಕ್ಕಟೆ. ತ್ರೀ ಫೇಸ್ ಯಾವಾಗ ಬರುತ್ತೆ ಅಂತ ನನ್ನ ದೊಡ್ಡಮ್ಮನ ಮಗ ರಾತ್ರಿ ಎರಡಕ್ಕೆ ಎದ್ದು ತೋಟಕ್ಕೆ ಹೋಗುತ್ತಾನೆ. ದುಡ್ಡು ಕೊಡದವನಿಗೆ ಕೇಳುವ ಬಾಯಿ ಎಲ್ಲಿದೆ? ಕೋಲಾರದ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿದೆ, ಆದರೂ ನೀರಿನ ಬೆಲೆ ಸೊನ್ನೆ. ಒಂದು ಕೈಯಲ್ಲಿ ಹೀಗೆ ಕೊಡುವ ಸರ್ಕಾರ ಇನ್ನೊಂದು ಕೈಯಲ್ಲಿ ಹಿಡಿದಿಟ್ಟುಕೊಳ್ಳುತ್ತೆ. 2020ರ ತಿದ್ದುಪಡಿಯವರೆಗೆ ಕರ್ನಾಟಕದ ರೈತ ತನ್ನ ಜಮೀನನ್ನು ಕೃಷಿಕನಲ್ಲದವನಿಗೆ ಮಾರುವಂತಿರಲಿಲ್ಲ. ಅವನದೇ ಜಮೀನಿನ ಪೋಡಿ ಆಗಬೇಕಾದರೆ ಚಪ್ಪಲಿ ಸವೆಯಬೇಕು. ಸಹಾಯವೂ ಅಲ್ಲಿಂದಲೇ, ಅಡ್ಡಗಾಲೂ ಅಲ್ಲಿಂದಲೇ. ಇವೆರಡನ್ನೂ ಒಟ್ಟಿಗೇ ತೆಗೆದುಬಿಡಿ, ನಮ್ಮವರೇನು ಇಲ್ಲಿನವರಿಗಿಂತ ದಡ್ಡರಾ ಅಂತ ಎಷ್ಟೋ ಸಲ ಕೂಗಬೇಕು ಅನಿಸಿದೆ.

ಹಾಗೆ ಕೂಗಲು ಹೊರಟಾಗಲೆಲ್ಲ ಆಕ್ಲೆಂಡಿನ ಒಬ್ಬ ಗೆಳೆಯ ಅಡ್ಡ ಬರುತ್ತಾನೆ. ಅವನೂ ನಮ್ಮ ಕಡೆಯವನೇ. ತೊಂಬತ್ತರ ದಶಕದಲ್ಲಿ ಕಟ್ಟಿದ ಒಂದು ಫ್ಲ್ಯಾಟ್ ಕೊಂಡ. ನೋಡಲು ಚೆಂದ, ಬಿಳಿ ಗೋಡೆ, ಸಪಾಟು ಛಾವಣಿ. ಗೋಡೆಯೊಳಗಿನ ಮರ ಮಾತ್ರ ಒದ್ದೆಯಾಗಿ ಕೊಳೆತು ಅಣಬೆ ಎದ್ದಿತ್ತು. ಇಡೀ ಕಟ್ಟಡದ ರಿಪೇರಿಯಲ್ಲಿ ಅವನ ಪಾಲಿಗೆ ಬಂದ ಮೊತ್ತ ಕೇಳಿ ಅವನ ಹೆಂಡತಿ ಊರಿಗೆ ವಾಪಸ್ ಹೋಗೋಣ ಅಂದಿದ್ದಳು.

ಇದಕ್ಕೂ ಅದೇ ಕಾಲದ ವಿಚಾರವೇ ಬೇರು. 1991ರ ಕಟ್ಟಡ ಕಾಯ್ದೆ ಹಳೆಯ ಕಟ್ಟುಪಾಡು ಸಡಿಲ ಮಾಡಿತು. ಮನೆ ಗಟ್ಟಿಯಿರಬೇಕು, ನೀರು ಒಳಗೆ ಬರಬಾರದು, ಹೇಗೆ ಕಟ್ಟುತ್ತೀರೋ ನಿಮಗೆ ಬಿಟ್ಟಿದ್ದು ಅನ್ನುವ ಧಾಟಿ. ನಗರಸಭೆಯ ಬದಲು ಖಾಸಗಿಯವರೂ ಪರಿಶೀಲಿಸಿ ಪ್ರಮಾಣಪತ್ರ ಕೊಡಬಹುದಿತ್ತು. ಆ ದಶಕದ ನಡುವಿನಲ್ಲಿ ಮದ್ದು ಹಾಕದ ಪೈನ್ ಮರವನ್ನೂ ಗೋಡೆಗೆ ಬಳಸಲು ಒಪ್ಪಿಗೆ ಸಿಕ್ಕಿತು. ಮೇಲೆ ಸೂರೇ, ಅಂದರೆ ಗೋಡೆಯಾಚೆ ಚಾಚುವ ಛಾವಣಿಯ ಅಂಚೇ, ಇಲ್ಲದ ವಿನ್ಯಾಸ. ಇಷ್ಟು ಮಳೆ ಬೀಳುವ ಊರಲ್ಲಿ ಸೂರಿಲ್ಲದ ಮನೆ! ಮಲೆನಾಡಿನ ಯಾವ ಆಚಾರಿಯೂ ಇದಕ್ಕೆ ಕೈ ಹಾಕುತ್ತಿರಲಿಲ್ಲ. 2009ರಲ್ಲಿ ಸರ್ಕಾರಕ್ಕಾಗಿ ಮಾಡಿದ ಅಂದಾಜಿನ ಪ್ರಕಾರ ಹೀಗೆ ಸೋರುವ ಮನೆಗಳು ಸುಮಾರು 42,000, ನಷ್ಟ 1,130 ಕೋಟಿ ಡಾಲರ್.

ಮಾರುಕಟ್ಟೆ ಕೆಟ್ಟ ಬಿಲ್ಡರ್‌ಗೆ ಪಾಠ ಕಲಿಸುತ್ತೆ ಅನ್ನೋದು ಪುಸ್ತಕದ ಮಾತು. ಪಾಠ ಕಲಿಯಬೇಕಾದವನು ಇರಬೇಕಲ್ಲ? ಒಂದೊಂದು ಕಟ್ಟಡಕ್ಕೆ ಒಂದೊಂದು ಕಂಪನಿ ಮಾಡಿ, ಕೆಲಸ ಮುಗಿದ ಮೇಲೆ ಬಾಗಿಲು ಹಾಕಿ ಹೋಗಿದ್ದರು. ಖಾಸಗಿ ಪರಿಶೀಲಕರಿಗೆ ವಿಮೆ ಸಿಗದೆ ಅವರೂ ಅಂಗಡಿ ಮುಚ್ಚಿದರು. ಕೋರ್ಟಿಗೆ ಹೋದವರಿಗೆ ಕೈಗೆ ಸಿಕ್ಕಿದ್ದು ನಗರಸಭೆ ಒಂದೇ, ಅಂದರೆ ತೆರಿಗೆ ಕಟ್ಟುವ ಜನ. 2004ರಲ್ಲಿ ಹೊಸ ಕಾಯ್ದೆ ತಂದು ಮತ್ತೆ ಬಿಗಿ ಮಾಡಿದರು.

ಕುರಿ ಸಾಕುವವನು ಎಡವಿದರೆ ಅದೇ ವರ್ಷ ಗೊತ್ತಾಗುತ್ತೆ, ಪೆಟ್ಟು ಬೀಳೋದೂ ಅವನಿಗೇ. ಮನೆಯ ತಪ್ಪು ಕಾಣೋದು ಹತ್ತು ವರ್ಷದ ಮೇಲೆ, ಪೆಟ್ಟು ಬೇರೆಯವನಿಗೆ. ಮೊದಲನೆಯ ಕಡೆ ಸರ್ಕಾರ ಸುಮ್ಮನಿದ್ದರೂ ನಡೆಯುತ್ತೆ, ಎರಡನೆಯ ಕಡೆ ನಡೆಯಲ್ಲ. 2010ರ ನವೆಂಬರ್‌ನಲ್ಲಿ ಪೈಕ್ ರಿವರ್ ಕಲ್ಲಿದ್ದಲು ಗಣಿ ಸ್ಫೋಟವಾಗಿ 29 ಜನ ಸತ್ತರು. ಸುರಕ್ಷತೆಯನ್ನು ಬಹುಪಾಲು ಕಂಪನಿಗೆ ಬಿಟ್ಟಿದ್ದರು, ಗಣಿ ತಪಾಸಣೆ ಮಾಡುವವರನ್ನು ಬೆರಳೆಣಿಕೆಗೆ ಇಳಿಸಿದ್ದರು. ಅಲ್ಲಿ ಪೆಟ್ಟು ಯಾರಿಗೆ ಬಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. ರೈಲಿನದು ಇನ್ನೊಂದು ಕಥೆ. 1993ರಲ್ಲಿ 32.8 ಕೋಟಿ ಡಾಲರಿಗೆ ಮಾರಿದರು, 2004ರಲ್ಲಿ ಸೊರಗಿದ ಹಳಿಗಳನ್ನು ಒಂದೇ ಒಂದು ಡಾಲರಿಗೆ ವಾಪಸ್ ಪಡೆದರು, 2008ರಲ್ಲಿ ರೈಲುಗಳನ್ನೂ ಹಡಗುಗಳನ್ನೂ ಮಾರಿದ್ದರ ಸುಮಾರು ಎರಡು ಪಟ್ಟು ಕೊಟ್ಟು ಕೊಂಡರು.

ಇಷ್ಟಾದರೂ ನನ್ನ ಮನಸ್ಸು ಆ ಮೇಳದ ಹಿರಿಯರ ಕಡೆಗೇ ವಾಲುತ್ತೆ. ದೂರದಲ್ಲಿದ್ದು ಊರಿನ ಮೇಲೆ ಸಿಟ್ಟು ಮಾಡೋದು ಸುಲಭ ಅಂತ ಹೆಂಡತಿ ಹೇಳುತ್ತಾಳೆ. ಇರಬಹುದು. ಹಾಗಾಗಿ ಹೇಳಲು ಇಷ್ಟವಿಲ್ಲದ ಕೆಲವು ಸಂಗತಿಯನ್ನೂ ಹೇಳಿಬಿಡುತ್ತೇನೆ.

ಇಲ್ಲಿನ ಕುರಿ ರೈತನಿಗೆ ಇರುವುದು ನೂರಾರು ಹೆಕ್ಟೇರ್. ಕರ್ನಾಟಕದ ರೈತನ ಸರಾಸರಿ ಜಮೀನು, 2015-16ರ ಕೃಷಿ ಗಣತಿಯ ಪ್ರಕಾರ, 1.36 ಹೆಕ್ಟೇರ್. ಇಲ್ಲಿ ನಾಲ್ಕು ಬೇರೆ ದಾರಿ ಪ್ರಯತ್ನಿಸಲು ಜಾಗ ಉಂಟು. ಅಲ್ಲಿ ಒಂದು ಬೆಳೆ ಹೋದರೆ ಮಗಳ ಮದುವೆ ಹೋಯಿತು. ಡಾಲರ್ ಬೆಲೆ ಇಳಿದಿದ್ದು ರಫ್ತು ಮಾಡುವವರಿಗೆ ಅನುಕೂಲವೂ ಆಯಿತು. ಸರ್ಕಾರ ಪೂರ್ತಿ ಕೈಬಿಟ್ಟಿತು ಅನ್ನೋದೂ ಪೂರ್ತಿ ನಿಜವಲ್ಲ. ಸರ್ಕಾರದ್ದೇ ಆಗಿದ್ದ ರೂರಲ್ ಬ್ಯಾಂಕ್ ಅನೇಕ ರೈತರ ಸಾಲದಲ್ಲಿ ಒಂದಿಷ್ಟು ಕಡಿತ ಮಾಡಿತ್ತು. ನಮ್ಮಲ್ಲಾದರೆ ಅದನ್ನು ಸಾಲ ಮನ್ನಾ ಅಂತ ಬೈಯುವವನು ನಾನೇ. ಜಮೀನು ಬಿಟ್ಟವನಿಗೆ ನಿರುದ್ಯೋಗ ಭತ್ಯೆ ಇತ್ತು. ಅಪಘಾತವಾದರೆ ತಪ್ಪು ಯಾರದು ಅಂತ ಕೇಳದೆ ಚಿಕಿತ್ಸೆ ಕೊಡುವ ಎಸಿಸಿ ವ್ಯವಸ್ಥೆ 1974ರಿಂದ ಇದೆ. ಈಗ 65 ದಾಟಿದ ಹೆಚ್ಚುಕಡಿಮೆ ಎಲ್ಲರಿಗೂ ಪಿಂಚಣಿ. ಬಿದ್ದರೂ ನೆಲ ಇದೆ ಅಂತ ಗೊತ್ತಿದ್ದವನು ಧೈರ್ಯವಾಗಿ ಹಗ್ಗದ ಮೇಲೆ ನಡೆಯಬಹುದು, ಅಲ್ವಾ?

ಗಡಿಯಲ್ಲಂತೂ ಈ ಸರ್ಕಾರ ಒಂದಿಷ್ಟೂ ಸಡಿಲ ಇಲ್ಲ. ಅಮ್ಮ ಕಟ್ಟಿಕೊಟ್ಟ ಡಬ್ಬಿಯನ್ನು ಘೋಷಿಸದೆ ವಿಮಾನ ನಿಲ್ದಾಣ ದಾಟಲು ನೋಡಿದರೆ 400 ಡಾಲರ್ ದಂಡ. ರೋಗ, ಕೀಟ ಬಂದರೆ ಎಲ್ಲರ ತೋಟವೂ ಹೋಗುತ್ತೆ. ಅದನ್ನು ಮಾರುಕಟ್ಟೆಗೆ ಬಿಡೋಣ ಅಂತ ಇಲ್ಲಿನ ಯಾವ ರೈತನೂ ಹೇಳಿದ್ದು ನಾನು ಕೇಳಿಲ್ಲ.

ಇನ್ನು ಕಿವಿ ಹಣ್ಣು. ಆಸ್ಟ್ರೇಲಿಯಾ ಬಿಟ್ಟು ಬೇರೆ ಯಾವ ದೇಶಕ್ಕೆ ಕಳಿಸಬೇಕಾದರೂ ಜೆಸ್ಪ್ರಿ ಎಂಬ ಒಂದೇ ಕಂಪನಿಯ ಮೂಲಕ ಹೋಗಬೇಕು. ಬೇರೆ ವ್ಯಾಪಾರಿ ಜೆಸ್ಪ್ರಿ ಜೊತೆ ಸೇರಿ ಕಳಿಸುವುದಾದರೂ ಅದಕ್ಕೂ ಒಪ್ಪಿಗೆ ಬೇಕು. ಇದು 1999ರ ಸರ್ಕಾರಿ ನಿಯಮ. ಕಂಪನಿಯ ಷೇರು ಬೆಳೆಗಾರರದ್ದೇ. ಲಿಬರ್ಟೇರಿಯನ್ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. 2015ರಲ್ಲಿ ಬೆಳೆಗಾರರನ್ನೇ ಕೇಳಿದರು, ಮತ ಹಾಕಿದವರು ಹೆಚ್ಚುಕಡಿಮೆ ಎಲ್ಲರೂ ಈ ವ್ಯವಸ್ಥೆ ಹೀಗೇ ಇರಲಿ ಅಂದರು. ಒಬ್ಬೊಬ್ಬರೇ ಮಾರಲು ಹೋದರೆ ಹೊರಗಿನ ವ್ಯಾಪಾರಿ ಬೆಲೆ ಇಳಿಸುತ್ತಾನೆ ಅನ್ನೋದು ಅವರ ಕಾರಣ. ಶಿರಸಿಯಲ್ಲೋ ಸಾಗರದಲ್ಲೋ ಸೊಸೈಟಿಗೆ ಅಡಿಕೆ ಹಾಕುವ ಯಾರಿಗೂ ಇದು ಹೊಸ ಮಾತಲ್ಲ. ಬೆಳೆಗಾರರು ತಾವೇ ಮತ ಹಾಕಿ ಇಟ್ಟುಕೊಂಡ ನಿಯಮ ಅದು, ಇರಲಿ ಬಿಡಿ ಅಂತೀನಿ. ಪುಕ್ಕಟೆ ಕರೆಂಟಿನ ವಿಷಯದಲ್ಲಿ ಮಾತ್ರ ನನ್ನ ಜಗಳ ಹಾಗೇ ಇದೆ.